ಕೇಳುಗರ ಅಭಿಪ್ರಾಯವೂ ಸಂಗೀತ ಚರಿತ್ರೆಯೂ: ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ಪರಿಸರದ ಒಂದು ಅವಲೋಕನ

1. ಪ್ರಸ್ತಾವನೆ

ಕರ್ನಾಟಕದ ಸಂಗೀತ ಚರಿತ್ರೆಯನ್ನು ಕುರಿತ ಬರವಣಿಗೆಯು ಬಹುಮಟ್ಟಿಗೆ ನಾಲ್ಕು ಕಂಬಗಳ ಮೇಲೆ ನಿಂತಿದೆ. ವಾಗ್ಗೇಯಕಾರರ ಕಾಲನಿರ್ಣಯ, ಗುರುಶಿಷ್ಯ ಪರಂಪರೆ, ರಾಜಾಶ್ರಯ ಮತ್ತು ಕಲಾವಿದರು ಪಡೆದ ಬಿರುದುಗಳು ಇವೇ ಆ ಕಂಬಗಳು. ಇವುಗಳ ಮಹತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕಚೇರಿಯ ಎದುರಿಗೆ ಕುಳಿತು ಕೇಳಿ, ಮನೆಗೆ ಹಿಂದಿರುಗುವ ದಾರಿಯಲ್ಲಿ ಹಾಡಿದವರ ಬಗೆಗೆ, ನುಡಿಸಿದವರ ಬಗೆಗೆ, ಏರ್ಪಾಟಿನ ಒಪ್ಪ ಓರಣಗಳ ಬಗೆಗೆ ನಾಲ್ಕು ಮಾತನಾಡಿಕೊಂಡ ಕೇಳುಗರಿಗೆ ಈ ಚರಿತ್ರೆಯಲ್ಲಿ ದೊರೆತಿರುವ ಸ್ಥಳ ಅತ್ಯಲ್ಪ. ಅವರ ಮಾತು ಹಗುರವಾದದ್ದು, ಶಾಸ್ತ್ರದ ಆಧಾರವಿಲ್ಲದ್ದು, ಸಂಜೆಯೊಡನೆ ಮುಗಿದುಹೋಗುವಂಥದ್ದು ಎಂಬ ಭಾವನೆಯೇ ಇದಕ್ಕೆ ಕಾರಣ.

ಭಾರತೀಯ ಕಾವ್ಯಮೀಮಾಂಸೆಯು ಕವಿಗೆ ಎಷ್ಟು ಸ್ಥಾನವನ್ನು ಕೊಟ್ಟಿತೋ ಸಹೃದಯನಿಗೂ ಅಷ್ಟೇ ಸ್ಥಾನವನ್ನು ಕೊಟ್ಟಿತು. ಸಂಗೀತ ಚರಿತ್ರೆಯಲ್ಲಿ ಮಾತ್ರ ಈ ಸಮತೋಲನ ಉಳಿದುಬರಲಿಲ್ಲ. ಕನ್ನಡದಲ್ಲಿ ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿದ ಕೃತಿಗಳು ಇಲ್ಲವೆಂದಲ್ಲ. ಮೈಸೂರು ವಾಸುದೇವಾಚಾರ್ಯರ 'ನಾ ಕಂಡ ಕಲಾವಿದರು' ಒಬ್ಬ ವಿದ್ವಾಂಸರು ಇತರ ವಿದ್ವಾಂಸರನ್ನು ಕಂಡು ಕೇಳಿದ ಬಗೆಯನ್ನು ದಾಖಲಿಸಿದರೆ, ಡಿ.ವಿ.ಜಿ.ಯವರ 'ಜ್ಞಾಪಕ ಚಿತ್ರಶಾಲೆ'ಯ 'ಕಲೋಪಾಸಕರು' ಸಂಪುಟವು ವೃತ್ತಿಯಿಂದ ಸಂಗೀತಗಾರರಲ್ಲದ ಒಬ್ಬ ರಸಿಕರ ನೆನಪುಗಳನ್ನು ಕಾಪಾಡಿದೆ. ಆದರೆ ಇವೆರಡೂ ಹೆಸರಾಂತ ಲೇಖಕರ ಕೃತಿಗಳು. ಹೆಸರಿಲ್ಲದ ಕೇಳುಗರ ಅಭಿಪ್ರಾಯಗಳು ಏನಾದವು, ಅವು ಸಂಗೀತದ ನಡೆಯನ್ನು ಬದಲಿಸಿದವೆ, ಬದಲಿಸಿದ್ದರೆ ಅದನ್ನು ನಾವು ಹೇಗೆ ಗುರುತಿಸಬೇಕು ಎಂಬ ಪ್ರಶ್ನೆಗಳು ಉಳಿಯುತ್ತವೆ.

ಈ ಪ್ರಶ್ನೆಗಳನ್ನು ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ಎಂಬ ಎರಡು ತಾಲ್ಲೂಕುಗಳ ಪರಿಸರದಲ್ಲಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಕೇಳುಗರ ಅಭಿಪ್ರಾಯವು ಚರಿತ್ರೆಯ ಅಂಚಿನ ಟಿಪ್ಪಣಿಯಲ್ಲ, ಅದು ಕಲಾವಿದರ ಹೆಸರನ್ನೂ ವಾದ್ಯದ ರೂಪವನ್ನೂ ಉತ್ಸವದ ನಿಯಮವನ್ನೂ ನಿರ್ಧರಿಸಿದ ಶಕ್ತಿಯಾಗಿತ್ತು ಎಂಬುದನ್ನು ಇಲ್ಲಿ ತೋರಿಸಲು ಪ್ರಯತ್ನಿಸಲಾಗಿದೆ.

2. ಎರಡು ಊರುಗಳು, ಒಂದು ಹೊಳೆ

ನಂಜನಗೂಡು ಕಪಿಲಾ ನದಿಯ ದಂಡೆಯ ಮೇಲಿದೆ. ಅದೇ ಕಪಿಲೆ ಮುಂದೆ ಹರಿದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಕಾಣದ ಸ್ಫಟಿಕ ಸರೋವರವೂ ಇಲ್ಲಿ ಕೂಡುತ್ತದೆಂಬ ನಂಬಿಕೆಯಿಂದ ಈ ಸ್ಥಳಕ್ಕೆ ತ್ರಿವೇಣಿ ಸಂಗಮವೆಂಬ ಪ್ರಸಿದ್ಧಿ ಬಂದಿದೆ. ನಂಜನಗೂಡಿನಲ್ಲಿ ಶ್ರೀಕಂಠೇಶ್ವರ, ತಿರುಮಕೂಡಲಿನಲ್ಲಿ ಅಗಸ್ತ್ಯೇಶ್ವರ, ನರಸೀಪುರದಲ್ಲಿ ಗುಂಜಾ ನರಸಿಂಹಸ್ವಾಮಿ ಹೀಗೆ ಎರಡೂ ಊರುಗಳು ದೇವಾಲಯಗಳ ಸುತ್ತ ಬೆಳೆದವು. ದೇವಾಲಯವಿದ್ದೆಡೆ ಉತ್ಸವ, ಉತ್ಸವವಿದ್ದೆಡೆ ನಾಗಸ್ವರ, ಹರಿಕಥೆ, ನಾಟಕ, ಹಾಡು. ಸಾಮಾನ್ಯ ಜನರು ಸಂಗೀತವನ್ನು ಕೇಳಿ ತೂಗಿ ನೋಡಲು ಕಲಿತದ್ದು ಇಂತಹ ಸಂದರ್ಭಗಳಲ್ಲಿಯೇ. ನಂಜನಗೂಡಿನ ದೊಡ್ಡಜಾತ್ರೆಯ ಪಂಚ ರಥೋತ್ಸವ, ತಲಕಾಡಿನ ಬಳಿಯ ಮುಡುಕುತೊರೆಯ ಜಾತ್ರೆ, ಮೂಗೂರಿನ ತ್ರಿಪುರಸುಂದರಿಯ ಜಾತ್ರೆ, ಸುತ್ತೂರಿನ ಜಾತ್ರೆ ಇವೆಲ್ಲವೂ ಈ ಎರಡು ತಾಲ್ಲೂಕುಗಳ ಎಲ್ಲೆಯೊಳಗೇ ನಡೆಯುತ್ತವೆ. ತಿರುಮಕೂಡಲಿನ ಕುಂಭಮೇಳವು ಇವುಗಳ ಸಾಲಿಗೆ ತೀರ ಈಚಿನ ಸೇರ್ಪಡೆಯಾಗಿದ್ದು, 1989ರಲ್ಲಿ ಆರಂಭವಾಯಿತು.

ರಾಜಧಾನಿಯಾಗಿದ್ದ ಮೈಸೂರು ಈ ಎರಡೂ ಊರುಗಳಿಗೆ ಹತ್ತಿರ. ಮೈಸೂರಿನಿಂದ ನಂಜನಗೂಡಿಗೆ 1891ರಲ್ಲಿಯೇ ರೈಲುಮಾರ್ಗ ಬಂದಿತು. ತಿರುಮಕೂಡಲು ನರಸೀಪುರಕ್ಕೆ ರೈಲು ಬರಲಿಲ್ಲ. ಅಲ್ಲಿನವರು ರಸ್ತೆಯನ್ನೇ ನಂಬಬೇಕಾಯಿತು. ದಾರಿ ಯಾವುದೇ ಇರಲಿ, ಪ್ರತಿಭೆ ಮೈಸೂರಿನತ್ತ ಹರಿದು, ಅಲ್ಲಿಂದ ಬೆಂಗಳೂರು ಮದರಾಸುಗಳ ಕಡೆಗೆ ಸಾಗಿತು. ಈ ಹರಿವಿನಲ್ಲಿ ಇಬ್ಬರು ಕಲಾವಿದರು ದಕ್ಷಿಣ ಭಾರತದ ಸಂಗೀತ ಚರಿತ್ರೆಯಲ್ಲಿ ಅಳಿಸಲಾಗದ ಗುರುತನ್ನು ಉಳಿಸಿದರು. ಒಬ್ಬರು 1878ರಲ್ಲಿ ನಂಜನಗೂಡಿನಲ್ಲಿ ಜನಿಸಿದ ನಾಗರತ್ನಮ್ಮನವರು. ಇನ್ನೊಬ್ಬರು 1895ರಲ್ಲಿ ತಿರುಮಕೂಡಲಿನಲ್ಲಿ ಜನಿಸಿದ ಚೌಡಯ್ಯನವರು.

3. ಹೆಸರುಗಳು ಹೇಳುವ ಚರಿತ್ರೆ

ಈ ಇಬ್ಬರ ಹೆಸರುಗಳಿಂದಲೇ ನಮ್ಮ ಪರಿಶೀಲನೆಯನ್ನು ಆರಂಭಿಸಬಹುದು. ನಾಗರತ್ನಮ್ಮನವರು ನಂಜನಗೂಡಿನಲ್ಲಿ ಹುಟ್ಟಿದರೂ ಲೋಕಕ್ಕೆ 'ಬೆಂಗಳೂರು ನಾಗರತ್ನಮ್ಮ'ನಾದರು. ತಾಯಿ ಪುಟ್ಟಲಕ್ಷ್ಮಿಯವರ ಆಸರೆಯಲ್ಲಿ ಬಾಲ್ಯವನ್ನು ಮೈಸೂರಿನಲ್ಲಿ ಕಳೆದು, ಸಂಸ್ಕೃತ ವ್ಯಾಸಂಗ ಮಾಡಿ, ಮುಂದೆ ಬೆಂಗಳೂರಿನಲ್ಲಿ ಮುನುಸ್ವಾಮಪ್ಪನವರಲ್ಲಿ ಸಂಗೀತವನ್ನು ಕಲಿತರು. ಅವರಿಗೆ ಮೊದಲು ದೊಡ್ಡ ಶ್ರೋತೃವರ್ಗ ದೊರೆತದ್ದು ಬೆಂಗಳೂರಿನಲ್ಲಿ. ಮದರಾಸಿನ ಕೇಳುಗರ ಪಾಲಿಗೆ ಅವರು ಬೆಂಗಳೂರಿನಿಂದ ಬಂದವರು. ಇದೇ ನಂಜನಗೂಡಿನ ಹೆಸರನ್ನು ತಮ್ಮ ಹೆಸರಿನೊಡನೆ ಉಳಿಸಿಕೊಂಡ ಲೇಖಕಿ ತಿರುಮಲಾಂಬ (1887–1982) ಅವರನ್ನು ಇಲ್ಲಿ ನೆನೆಯಬಹುದು. ತಿರುಮಲಾಂಬ ಅವರು ಊರಿನಲ್ಲಿದ್ದುಕೊಂಡೇ ಬರೆದು ಪ್ರಕಟಿಸಿದರು. ಆದುದರಿಂದ ಓದುಗರಿಗೆ ಲೇಖಕಿಯೂ ಊರೂ ಒಟ್ಟಿಗೇ ಪರಿಚಯವಾದವು. ಗಾಯಕಿಯ ವಿಷಯ ಹಾಗಲ್ಲ. ಕೇಳುಗರು ಕಲಾವಿದರನ್ನು ಹುಟ್ಟಿದ ಊರಿನಿಂದಲ್ಲ, ಕೀರ್ತಿ ಬಂದ ಊರಿನಿಂದ ಗುರುತಿಸುತ್ತಾರೆ.

ಚೌಡಯ್ಯನವರಿಗೆ ಮೂರು ಹೆಸರುಗಳು ಬಳಕೆಯಲ್ಲಿದ್ದವು. ಕಾಗದಪತ್ರಗಳಲ್ಲಿಯೂ ಬಿರುದುಪತ್ರಗಳಲ್ಲಿಯೂ ಅವರು 'ಟಿ. ಚೌಡಯ್ಯ'. ಆ 'ಟಿ.' ತಿರುಮಕೂಡಲು. ತಮಿಳುನಾಡಿನ ಸಭೆಗಳಲ್ಲಿ ಅವರು 'ಮೈಸೂರು ಚೌಡಯ್ಯ'. ತಮ್ಮ ಸೀಮೆಯ ಜನರ ಬಾಯಲ್ಲಿ ಅವರು 'ಪಿಟೀಲು ಚೌಡಯ್ಯ'. ಈ ಮೂರು ಹೆಸರುಗಳ ಹಿಂದೆ ಮೂರು ಬಗೆಯ ಕೇಳುಗರ ವಲಯಗಳಿವೆ. ಮೂರನೆಯದು ಯಾವ ಸಂಸ್ಥೆಯೂ ಕೊಟ್ಟ ಬಿರುದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಪಶ್ಚಿಮದಿಂದ ಬಂದು ಕರ್ನಾಟಕ ಸಂಗೀತದಲ್ಲಿ ನೆಲೆಯೂರಿದ ಒಂದು ವಾದ್ಯವನ್ನು ಒಬ್ಬ ವ್ಯಕ್ತಿಯ ಹೆಸರಿಗೇ ಅಂಟಿಸಿ, ಪಿಟೀಲೆಂದರೆ ಚೌಡಯ್ಯ, ಚೌಡಯ್ಯನೆಂದರೆ ಪಿಟೀಲು ಎಂದು ತೀರ್ಮಾನಿಸಿದವರು ಹೆಸರಿಲ್ಲದ ಕೇಳುಗರು. ವಿಮರ್ಶಕರ ಒಂದು ಲೇಖನಕ್ಕಿಂತ ಈ ಒಂದು ಅಡ್ಡಹೆಸರಿನಲ್ಲಿ ಅಡಗಿರುವ ಮೌಲ್ಯನಿರ್ಣಯ ಹೆಚ್ಚು ಕಾಲ ಬಾಳಿದೆ.

4. ಹಿಂದಿನ ಸಾಲಿನ ಕೇಳುಗರು ಮತ್ತು ಏಳು ತಂತಿಗಳು

ಚೌಡಯ್ಯನವರು ಹದಿಹರೆಯದಲ್ಲಿ ಮೈಸೂರಿಗೆ ಬಂದು ಆಸ್ಥಾನ ವಿದ್ವಾಂಸರಾದ ಬಿಡಾರಂ ಕೃಷ್ಣಪ್ಪನವರ (1866–1931) ಶಿಷ್ಯರಾದರು. ಗುರುಗಳ ಕಟ್ಟುನಿಟ್ಟು ಪ್ರಸಿದ್ಧವಾದುದು. ಕೃಷ್ಣಪ್ಪನವರು ಗಾಯಕರು. ಶಿಷ್ಯನು ಪಿಟೀಲುವಾದಕನಾದರೂ ಗಾಯನದ ಮಾರ್ಗದಲ್ಲಿಯೇ ಅವನನ್ನು ತಿದ್ದಿದರು. ಈ ಶಿಕ್ಷಣದ ಫಲವಾಗಿ ಚೌಡಯ್ಯನವರ ವಾದನಕ್ಕೆ ಕಂಠದ ಒನಪು ಬಂದಿತೆಂಬುದು ರಸಿಕರಲ್ಲಿ ಬೇರೂರಿದ ಅಭಿಪ್ರಾಯ.

1920ರ ದಶಕದ ಕಚೇರಿಗಳಲ್ಲಿ ಧ್ವನಿವರ್ಧಕವಿರಲಿಲ್ಲ. ದೊಡ್ಡ ಚಪ್ಪರದಲ್ಲಿ, ತುಂಬುಕಂಠದ ಗಾಯಕರ ಪಕ್ಕದಲ್ಲಿ, ಮೃದಂಗದ ನಾದದ ನಡುವೆ ನಾಲ್ಕು ತಂತಿಯ ಪಿಟೀಲಿನ ಧ್ವನಿ ಮುಂದಿನ ಕೆಲವು ಸಾಲುಗಳನ್ನು ದಾಟುವುದು ಕಷ್ಟವಾಗಿತ್ತು. ಹಿಂದೆ ಕುಳಿತವರಿಗೆ ಪಿಟೀಲು ಕೇಳಿಸುತ್ತಿಲ್ಲವೆಂಬ ಕೊರತೆಯೇ ಚೌಡಯ್ಯನವರ ಪ್ರಯೋಗಕ್ಕೆ ಪ್ರೇರಣೆಯಾಯಿತೆಂಬುದು ಅವರನ್ನು ಕುರಿತ ಬರಹಗಳಲ್ಲಿ ಮತ್ತೆ ಮತ್ತೆ ಬರುವ ವಿವರಣೆ. 1927ರ ಸುಮಾರಿಗೆ ಅವರು ತಮ್ಮ ವಾದ್ಯಕ್ಕೆ ಇನ್ನೂ ಮೂರು ತಂತಿಗಳನ್ನು ಅಳವಡಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದರು. ಇದರಿಂದ ನಾದಕ್ಕೆ ತುಂಬುತನವೂ ದೂರ ತಲುಪುವ ಶಕ್ತಿಯೂ ಬಂದವು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ವಾದ್ಯದ ಈ ಮಾರ್ಪಾಟು ಶಾಸ್ತ್ರಗ್ರಂಥದ ಒತ್ತಾಯದಿಂದಾಗಲಿ ಅರಸರ ಆಜ್ಞೆಯಿಂದಾಗಲಿ ಆದುದಲ್ಲ. ಅರಮನೆಯ ದರ್ಬಾರಿನಲ್ಲಿ ಕಲಾವಿದರ ಸಮೀಪದಲ್ಲಿಯೇ ಕುಳಿತು ಕೇಳುವವರಿಗೆ ಇಂತಹ ಕೊರತೆಯ ಅನುಭವವಾಗುವ ಸಂಭವ ಕಡಿಮೆ. ಉತ್ಸವದ ಚಪ್ಪರದ ಕೊನೆಯಲ್ಲಿ ಕುಳಿತವರ, ಬಹುಶಃ ನಿಂತೇ ಕೇಳಿದವರ ಅಸಮಾಧಾನಕ್ಕೆ ಇದು ಒಬ್ಬ ಕಲಾವಿದರು ಕೊಟ್ಟ ಉತ್ತರ. ಸಂಗೀತವು ಅರಮನೆಯಿಂದ ಸಾರ್ವಜನಿಕ ಸಭೆಗೆ ಬಂದ ಪರಿವರ್ತನೆಯನ್ನು ತಿಳಿಯಲು ಏಳು ತಂತಿಯ ಪಿಟೀಲಿಗಿಂತ ಒಳ್ಳೆಯ ಭೌತಿಕ ಸಾಕ್ಷ್ಯ ದೊರೆಯುವುದು ವಿರಳ. 1927ರಲ್ಲಿ ಮದರಾಸಿನಲ್ಲಿ ಕಾಂಗ್ರೆಸ್ ಅಧಿವೇಶನದೊಡನೆ ನಡೆದ ಅಖಿಲ ಭಾರತ ಸಂಗೀತ ಸಮ್ಮೇಳನ ಮತ್ತು ಅದರ ಫಲವಾಗಿ 1928ರಲ್ಲಿ ಸ್ಥಾಪಿತವಾದ ಮ್ಯೂಸಿಕ್ ಅಕಾಡೆಮಿ ಇದೇ ಪರಿವರ್ತನೆಯ ಸಾಂಸ್ಥಿಕ ಮುಖಗಳು.

ಏಳು ತಂತಿಯ ವಾದ್ಯವನ್ನು ಎಲ್ಲರೂ ಒಂದೇ ಬಗೆಯಾಗಿ ಸ್ವಾಗತಿಸಲಿಲ್ಲ. ಆ ಕಾಲದ ರಸಿಕರು ಮೂವರು ಪಿಟೀಲುವಾದಕರನ್ನು ಹೋಲಿಸಿ ಮಾತನಾಡುತ್ತಿದ್ದರು. ದ್ವಾರಂ ವೆಂಕಟಸ್ವಾಮಿ ನಾಯ್ಡು ಅವರ ನಾಜೂಕು, ಕುಂಭಕೋಣಂ ರಾಜಮಾಣಿಕ್ಕಂ ಪಿಳ್ಳೆಯವರ ಸೌಖ್ಯ, ಚೌಡಯ್ಯನವರ ಘನನಾದ ಎಂಬ ಹೋಲಿಕೆ ರಸಿಕ ವಲಯದಲ್ಲಿ ರೂಢಿಯಾಯಿತು. ಚೌಡಯ್ಯನವರ ನಾದವನ್ನು ಮೆಚ್ಚಿದವರು ಅದನ್ನು ಗಾಂಭೀರ್ಯವೆಂದರು. ಮೆಚ್ಚದವರು ಅದು ಭಾರವೆಂದೂ ಗಮಕದ ಸೂಕ್ಷ್ಮಗಳನ್ನು ಮರೆಸುತ್ತದೆಂದೂ ಆಕ್ಷೇಪಿಸಿದರು. 1930ರ ದಶಕದಲ್ಲಿ ಧ್ವನಿವರ್ಧಕವು ಸಭೆಗಳಿಗೆ ಬರತೊಡಗಿದ ಮೇಲೆ ಹಿಂದಿನ ಸಾಲಿನ ಕೊರತೆ ಯಂತ್ರದಿಂದಲೇ ನೀಗಿತು. ಏಳು ತಂತಿಯ ಪಿಟೀಲು ಒಂದು ಸಾಮಾನ್ಯ ಸಂಪ್ರದಾಯವಾಗಿ ಹರಡದಿರಲು ಇದೂ ಒಂದು ಕಾರಣವಾಗಿರಬೇಕು.

ಆದುದರಿಂದ ಈ ವಾದ್ಯದ ಬಗೆಗಿನ ಯಾವುದೇ ಅಭಿಪ್ರಾಯವನ್ನು ಸ್ವೀಕರಿಸುವಾಗ ಹೇಳಿದವರು ಎಲ್ಲಿ ಕುಳಿತು, ಯಾವ ಕಾಲದಲ್ಲಿ, ಯಾವ ಸಾಧನದ ಮೂಲಕ ಕೇಳಿದರು ಎಂಬುದನ್ನು ಸಂಶೋಧಕರು ಮೊದಲು ಕೇಳಬೇಕು. ಇಂದು ಚೌಡಯ್ಯನವರನ್ನು ನಾವು ಕೇಳುವುದು ಧ್ವನಿಗ್ರಾಹಕದ ಮುಂದೆ ನುಡಿಸಿದ ಮುದ್ರಣಗಳಲ್ಲಿ. ಧ್ವನಿವರ್ಧಕವಿಲ್ಲದ ಚಪ್ಪರಕ್ಕಾಗಿ ಹುಟ್ಟಿದ ನಾದವನ್ನು ಧ್ವನಿಗ್ರಾಹಕದ ಮುಂದೆ ಇಟ್ಟು ತೂಗಿ, ಅದು ಹೆಚ್ಚಾಯಿತೆಂದು ತೀರ್ಪು ಕೊಡುವುದು ಚಾರಿತ್ರಿಕ ನ್ಯಾಯವಾಗಲಾರದು.

ಸಂಸ್ಥೆಗಳ ಮನ್ನಣೆ ಚೌಡಯ್ಯನವರಿಗೆ ತಡವಾಗಿಯಾದರೂ ಪೂರ್ಣವಾಗಿ ದೊರೆಯಿತು. 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯು ಅವರಿಗೆ 'ಸಂಗೀತ ಕಲಾನಿಧಿ' ಬಿರುದನ್ನಿತ್ತಿತು. 1967ರಲ್ಲಿ ಅವರು ನಿಧನರಾದ ಮೇಲೆ, 1980ರಲ್ಲಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನವು ಉದ್ಘಾಟನೆಯಾಯಿತು. ಅವರು ರಚಿಸಿದ ಕೃತಿಗಳಿಗೆ ಆರಿಸಿಕೊಂಡ ಅಂಕಿತ 'ತ್ರಿಮಕುಟ'. ಮದರಾಸಿನ ಸಭೆಗಳು ಅವರನ್ನು ಮೈಸೂರಿನವರೆಂದು ಕರೆದಾಗಲೂ ಅವರು ತಮ್ಮ ಕೃತಿಗಳ ಕೊನೆಯಲ್ಲಿ ಸಂಗಮದ ಊರನ್ನೇ ನೆನೆದರು.

5. ನಾಗರತ್ನಮ್ಮ: ಕೇಳುಗರ ತೀರ್ಪು ಮತ್ತು ಸಮಾಜದ ತೀರ್ಪು

ಚೌಡಯ್ಯನವರ ವಿಷಯದಲ್ಲಿ ಕೇಳುಗರ ಅಭಿಪ್ರಾಯವು ನಾದಕ್ಕೆ ಸಂಬಂಧಿಸಿದ್ದರೆ, ನಾಗರತ್ನಮ್ಮನವರ ವಿಷಯದಲ್ಲಿ ಅದು ನಾದವನ್ನು ಮೀರಿದ ಪ್ರಶ್ನೆಯಾಯಿತು. ಅವರು ದೇವದಾಸಿ ಮನೆತನದವರು. ಅವರ ಹಾಡನ್ನು ಬಯಸಿ ಕೇಳಿದ ಸಮಾಜವೇ ಅವರ ಹುಟ್ಟನ್ನು ಕೀಳಾಗಿ ಕಂಡಿತು.

ಈ ದ್ವಂದ್ವಕ್ಕೆ ನಂಜನಗೂಡು ನೇರವಾಗಿ ಸಂಬಂಧಿಸಿದೆ. ಮೈಸೂರು ಸರ್ಕಾರವು 1909ರಲ್ಲಿ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ರದ್ದುಗೊಳಿಸಿತು. ಈ ಆಜ್ಞೆಗೆ ಮುನ್ನ ನಡೆದ ಪತ್ರವ್ಯವಹಾರದಲ್ಲಿ ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ಪ್ರಕರಣವು ಮುಖ್ಯವಾದುದು. ದೇವರ ಮುಂದಿನ ಹಾಡು ಕುಣಿತಗಳು ಧರ್ಮದ ಅಂಗವೆ ಅಲ್ಲವೆ, ಅವನ್ನು ಮಾಡುವವರ ಬದುಕಿನ ರೀತಿಯಿಂದ ಆ ಸೇವೆಯ ಬೆಲೆಯನ್ನು ಕಟ್ಟಬಹುದೆ ಎಂಬುದು ಅಂದಿನ ಚರ್ಚೆಯ ತಿರುಳು. ಸುಧಾರಣೆಯ ಉದ್ದೇಶ ಒಳ್ಳೆಯದೇ ಆಗಿದ್ದರೂ, ಆ ಸೇವೆಯನ್ನು ಅವಲಂಬಿಸಿದ್ದ ಹೆಂಗಸರ ಕಲೆಯ ಬಗೆಗೆ ಒಂದು ಮಾತನ್ನಾದರೂ ಆಡಬಲ್ಲ ಕೇಳುಗರ ಸಾಕ್ಷ್ಯವನ್ನು ಯಾರೂ ಕೇಳಲಿಲ್ಲ. ನಂಜನಗೂಡಿನ ದೇವಾಲಯದಲ್ಲಿ ಆ ಹೆಂಗಸರು ಹೇಗೆ ಹಾಡುತ್ತಿದ್ದರು ಎಂಬುದು ಚರಿತ್ರೆಗೆ ಬಹುಮಟ್ಟಿಗೆ ನಷ್ಟವಾಯಿತು.

ಮರುವರ್ಷವೇ, ಅಂದರೆ 1910ರಲ್ಲಿ, ಮದರಾಸಿನಲ್ಲಿದ್ದ ನಾಗರತ್ನಮ್ಮನವರು ಹದಿನೆಂಟನೆಯ ಶತಮಾನದ ತಂಜಾವೂರಿನ ಕವಯಿತ್ರಿ ಮುದ್ದುಪಳನಿಯ 'ರಾಧಿಕಾ ಸಾಂತ್ವನಮು' ಎಂಬ ತೆಲುಗು ಕಾವ್ಯವನ್ನು ಸಂಪಾದಿಸಿ ಪ್ರಕಟಿಸಿದರು. ಹೆಣ್ಣೊಬ್ಬಳು ಶೃಂಗಾರವನ್ನು ಹೀಗೆ ಬರೆಯಬಾರದೆಂದು ಕಂದುಕೂರಿ ವೀರೇಶಲಿಂಗಂ ಅವರಂತಹ ಸುಧಾರಕರು ಮೊದಲೇ ಆಕ್ಷೇಪಿಸಿದ್ದ ಕಾವ್ಯವಿದು. ನಾಗರತ್ನಮ್ಮನವರು ಆ ಅಭಿಪ್ರಾಯವನ್ನು ಒಪ್ಪಲಿಲ್ಲ. ಬ್ರಿಟಿಷ್ ಸರ್ಕಾರವು ಪುಸ್ತಕವನ್ನು ನಿಷೇಧಿಸಿತು. 1947ರಲ್ಲಿ ಆ ನಿಷೇಧ ತೆರವಾಯಿತು. ಇಲ್ಲಿ ನಾಗರತ್ನಮ್ಮನವರು ಗಾಯಕಿಯಾಗಿ ಅಲ್ಲ, ಒಬ್ಬ ಓದುಗರಾಗಿ, ರಸಿಕರಾಗಿ ನಿಂತದ್ದು ಗಮನಾರ್ಹ. ಒಂದು ಕೃತಿ ತಮಗೆ ರುಚಿಸಿತು, ಅದು ಒಳ್ಳೆಯದೆಂದು ತೋರಿತು, ದೊಡ್ಡವರು ಬೇಡವೆಂದರೂ ಅದು ಉಳಿಯಬೇಕೆಂದು ಅವರಿಗೆ ಅನಿಸಿತು. ಆ ಅನಿಸಿಕೆಯ ಹೊಣೆಯನ್ನು ಅವರು ಹೊತ್ತರು.

ಇದೇ ಮನೋಧರ್ಮವು ತಿರುವೈಯಾರಿನಲ್ಲಿ ಇನ್ನೂ ದೊಡ್ಡ ರೂಪದಲ್ಲಿ ಕಾಣಿಸಿಕೊಂಡಿತು. ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡಿಕೊಂಡ ಕಾವೇರಿಯು ಹರಿದು ಹೋಗುವ ದಾರಿಯಲ್ಲಿಯೇ ತಿರುವೈಯಾರು ಇದೆ. 1847ರಲ್ಲಿ ದೇಹಬಿಟ್ಟ ತ್ಯಾಗರಾಜರ ಸಮಾಧಿ ಅಲ್ಲಿ ಹಾಳುಬಿದ್ದಿತ್ತು. ಅದರ ದುಃಸ್ಥಿತಿಯನ್ನು ನಾಗರತ್ನಮ್ಮನವರಿಗೆ ಪತ್ರದ ಮೂಲಕ ತಿಳಿಸಿದವರು ಬಿಡಾರಂ ಕೃಷ್ಣಪ್ಪನವರೆಂದು ಅವರ ಜೀವನ ಚರಿತ್ರೆಯಲ್ಲಿ ಹೇಳಲಾಗಿದೆ. ಚೌಡಯ್ಯನವರ ಗುರುಗಳೇ ನಂಜನಗೂಡಿನಲ್ಲಿ ಹುಟ್ಟಿದ ಗಾಯಕಿಯನ್ನು ಈ ಕಾರ್ಯಕ್ಕೆ ಎಚ್ಚರಿಸಿದರೆಂಬುದು ನಮ್ಮ ಪರಿಶೀಲನೆಯ ಎರಡು ಎಳೆಗಳನ್ನು ಒಂದುಗೂಡಿಸುತ್ತದೆ. 1921ರಲ್ಲಿ ಕೆಲಸವನ್ನು ಆರಂಭಿಸಿ, ತಮ್ಮ ಸಂಪಾದನೆಯನ್ನು ಸುರಿದು, ಆ ದಶಕದಲ್ಲಿಯೇ ಅವರು ಸಮಾಧಿಗೆ ಗುಡಿಯನ್ನು ಕಟ್ಟಿಸಿದರು.

ಆದರೆ ತಾವು ಕಟ್ಟಿಸಿದ ಗುಡಿಯ ಮುಂದೆ ನಡೆಯುವ ಆರಾಧನೆಯಲ್ಲಿ ಹಾಡಲು ಅವರಿಗೆ ಅವಕಾಶವಿರಲಿಲ್ಲ. ಆರಾಧನೋತ್ಸವವು ಎರಡು ಕಕ್ಷಿಗಳಾಗಿ ಒಡೆದಿತ್ತು. ಎರಡೂ ಕಕ್ಷಿಗಳು ಹೆಂಗಸರ ಗಾಯನವನ್ನು ಒಪ್ಪುತ್ತಿರಲಿಲ್ಲ. 1927ರ ಹೊತ್ತಿಗೆ ನಾಗರತ್ನಮ್ಮನವರು ಮಹಿಳೆಯರದೇ ಆದ ಮೂರನೆಯ ಕಕ್ಷಿಯನ್ನು ಕಟ್ಟಿ ಬೇರೆಯಾಗಿ ಆರಾಧನೆಯನ್ನು ನಡೆಸಿದರು. ಅದೇ ವರ್ಷ ಮದರಾಸು ಪ್ರಾಂತ್ಯದ ದೇವದಾಸಿಯರ ಸಂಘದ ಅಧ್ಯಕ್ಷತೆಯನ್ನೂ ವಹಿಸಿದ್ದರು. ಕಕ್ಷಿಗಳು 1940ರಲ್ಲಿ ಒಂದಾದವು. ಅನಂತರದ ವರ್ಷಗಳಲ್ಲಿ ಹೆಂಗಸರಿಗೂ ಆ ವೇದಿಕೆ ತೆರೆಯಿತು. 1952ರಲ್ಲಿ ನಾಗರತ್ನಮ್ಮನವರು ತೀರಿಕೊಂಡಾಗ ಅವರ ಸಮಾಧಿಯನ್ನು ತ್ಯಾಗರಾಜರ ಸಮಾಧಿಯ ಸಮೀಪದಲ್ಲಿಯೇ ಮಾಡಲಾಯಿತು. ಇಂದು ಪ್ರತಿವರ್ಷ ಪುಷ್ಯ ಬಹುಳ ಪಂಚಮಿಯಂದು ಸ್ತ್ರೀ ಪುರುಷರು ಒಟ್ಟಿಗೆ ಕುಳಿತು ಪಂಚರತ್ನ ಕೃತಿಗಳನ್ನು ಹಾಡುವ ದೃಶ್ಯವನ್ನು ಸಹಜವೆಂದು ಕಾಣುವವರು, ಅದು ಸಹಜವಾದುದು ಹೇಗೆ ಎಂಬುದನ್ನು ಮರೆಯುವಂತಿಲ್ಲ. ಯಾರು ಹಾಡಬೇಕು, ಯಾರು ಕೇಳಬೇಕು, ಉತ್ಸವ ಹೇಗಿರಬೇಕು ಎಂಬ ವಿಷಯದಲ್ಲಿ ಒಬ್ಬರು ತಮ್ಮ ಅಭಿಪ್ರಾಯವನ್ನು ಬಿಟ್ಟುಕೊಡದಿದ್ದುದರ ಫಲ ಇದು.

6. ತಟ್ಟೆ, ಬಾನುಲಿ, ಅರಮನೆ

ಕೇಳುಗರ ಅಭಿಪ್ರಾಯಕ್ಕೆ ಹೊಸ ಆಧಾರವನ್ನು ಒದಗಿಸಿದ್ದು ಗ್ರಾಮಫೋನ್ ತಟ್ಟೆ. ಜನರ ಮಾತಿನಲ್ಲಿ ಪ್ಲೇಟು. ಭಾರತದಲ್ಲಿ 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ನಡೆದ ಮೊದಲ ಧ್ವನಿಮುದ್ರಣಗಳಲ್ಲಿ ಹಾಡಿದ ಗೌಹರ್ ಜಾನ್ ಅವರು ಬಾಳಿನ ಕೊನೆಯಲ್ಲಿ ಮೈಸೂರಿಗೆ ಬಂದರು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ನೇಮಕಗೊಂಡು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ತಟ್ಟೆಯ ಒಂದು ಬದಿಯಲ್ಲಿ ಮೂರು ನಾಲ್ಕು ನಿಮಿಷಗಳ ಹಾಡಿಗಷ್ಟೇ ಸ್ಥಳ. ಗಂಟೆಗಟ್ಟಲೆ ರಾಗವಿಸ್ತಾರವನ್ನು ಕೇಳಿ ರೂಢಿಯಿದ್ದವರಿಗೆ ಇದು ಅರೆಹೊಟ್ಟೆಯ ಊಟವೆನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಕಚೇರಿಗೆ ಪ್ರವೇಶವೇ ಇಲ್ಲದವರಿಗೆ, ವಿಶೇಷವಾಗಿ ಮನೆಯ ಹೆಂಗಸರಿಗೆ ಹಾಗೂ ಹಳ್ಳಿಯವರಿಗೆ, ಒಂದೇ ಹಾಡನ್ನು ಮತ್ತೆ ಮತ್ತೆ ಕೇಳಿ ಹೋಲಿಸಿ ನೋಡುವ ಅವಕಾಶವನ್ನು ಮೊದಲ ಬಾರಿಗೆ ಕೊಟ್ಟದ್ದು ಇದೇ ತಟ್ಟೆ.

1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ 30 ವ್ಯಾಟ್ ಶಕ್ತಿಯ ಪ್ರಸಾರಯಂತ್ರದಿಂದ ಬಾನುಲಿ ಕೇಂದ್ರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಅಲ್ಲಿಂದಲೇ ಬಂದುದು. ಈ ಕೇಂದ್ರವು ಕ್ರಮೇಣ ಸರ್ಕಾರದ ಆಡಳಿತಕ್ಕೆ ಬಂದು, 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಚಲನಚಿತ್ರವೂ ಹಿಂದೆ ಬೀಳಲಿಲ್ಲ. ಚೌಡಯ್ಯನವರು ಸ್ವತಃ ನಿರ್ಮಿಸಿದ 'ವಾಣಿ' (1943) ಚಿತ್ರದಲ್ಲಿ ಚೆಂಬೈ ವೈದ್ಯನಾಥ ಭಾಗವತರ ಗಾಯನ, ಚೌಡಯ್ಯನವರ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗ ಇವುಗಳ ಕಚೇರಿಯ ದೃಶ್ಯವಿದೆ. ಸಭೆಗೆ ಹೋಗಲಾಗದವರ ಬಳಿಗೆ ಸಭೆಯನ್ನೇ ಕೊಂಡೊಯ್ಯುವ ಈ ಪ್ರಯತ್ನವನ್ನು ಏಳು ತಂತಿಯ ಪಿಟೀಲಿನ ಮುಂದುವರಿಕೆಯೆಂದೇ ಪರಿಗಣಿಸಬಹುದು. ಎರಡರ ಗುರಿಯೂ ದೂರದ ಕೇಳುಗರೇ.

ಇದೇ ಕಾಲದಲ್ಲಿ ಮೈಸೂರಿನ ಅರಮನೆಯಲ್ಲಿ ಇನ್ನೊಬ್ಬ ರಸಿಕರಿದ್ದರು. ಜಯಚಾಮರಾಜ ಒಡೆಯರು (1919–1974) ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ತಟ್ಟೆಗಳ ಅಪಾರ ಸಂಗ್ರಹವನ್ನು ಹೊಂದಿದ್ದರು. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯಾ ಮೂಲದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರ್ ಅವರ ಸಂಗೀತ ಅಂದು ಅಲಕ್ಷ್ಯಕ್ಕೆ ಒಳಗಾಗಿತ್ತು. ಅದು ಒಡೆಯರಿಗೆ ಮೆಚ್ಚುಗೆಯಾಗಿ, 1940ರ ದಶಕದ ಕೊನೆಯಲ್ಲಿ ಮೆಟ್ನರ್ ಅವರು ತಮ್ಮ ಕೃತಿಗಳನ್ನು ತಾವೇ ನುಡಿಸಿ ಮುದ್ರಿಸಲು ಒಡೆಯರು ಧನಸಹಾಯ ಮಾಡಿದರು. ಮೈಸೂರಿನ ಒಬ್ಬ ಕೇಳುಗರ ಅಭಿಪ್ರಾಯದಿಂದ ಲಂಡನ್ನಿನಲ್ಲಿ ಒಂದು ಸಂಗೀತ ಉಳಿಯಿತು. ಅಧಿಕಾರ ಮತ್ತು ಹಣ ಇದ್ದವರ ರುಚಿ ದಾಖಲೆಯಾಗುವ ಬಗೆ ಇದು. ಅರಮನೆಯಿಂದ ಹತ್ತು ಹದಿನೈದು ಹರದಾರಿಯೊಳಗೆ ಜಾತ್ರೆಯಲ್ಲಿ ಕುಳಿತು ಕೇಳಿದವರ ರುಚಿಗೆ ಇಂತಹ ದಾಖಲೆ ಇಲ್ಲ.

7. ಜಾತ್ರೆಯ ಕೇಳುಗರು

ಈ ಎರಡು ತಾಲ್ಲೂಕುಗಳ ಬಹುಸಂಖ್ಯಾತ ಜನರ ಸಂಗೀತವು ಸಭೆಯ ಸಂಗೀತವಲ್ಲ ಎಂಬುದನ್ನು ಮರೆಯಬಾರದು. ಮಲೆಯ ಮಹದೇಶ್ವರನ ದೇವರಗುಡ್ಡರ ಕಂಸಾಳೆ, ಮಂಟೇಸ್ವಾಮಿ ಸಿದ್ದಪ್ಪಾಜಿಯರ ಕಥೆಯನ್ನು ತಂಬೂರಿ, ಗಗ್ಗರ, ದಮ್ಮಡಿಗಳೊಡನೆ ಇರುಳಿಡೀ ಹಾಡುವ ನೀಲಗಾರರ ಪರಂಪರೆ, ಹಳ್ಳಿ ಹಳ್ಳಿಯ ಭಜನೆ ಮತ್ತು ತತ್ವಪದ ಇವು ಇಲ್ಲಿನ ಜೀವಂತ ಗಾಯನ ಪ್ರಕಾರಗಳು. ಇವುಗಳಿಗೂ ಬಲ್ಲ ಕೇಳುಗರಿದ್ದಾರೆ. ಕಥೆಯ ಯಾವ ಸಾಲನ್ನು ಯಾರು ಎಲ್ಲಿಯವರೆಗೆ ಎಳೆಯಬಲ್ಲರು, ಬೆಳಗಿನ ಜಾವದಲ್ಲಿಯೂ ಯಾರ ದನಿ ಕುಗ್ಗುವುದಿಲ್ಲ, ಹಿಮ್ಮೇಳದವರು ಎಲ್ಲಿ ಕೈಕೊಟ್ಟರು, ಯಾರು ಕಥೆಯನ್ನು ಮೊಟಕು ಮಾಡಿದರು ಎಂಬ ವಿಷಯಗಳಲ್ಲಿ ಅವರ ತೀರ್ಪು ಸಭೆಯ ಮುಂದಿನ ಸಾಲಿನವರ ತೀರ್ಪಿಗಿಂತ ಸಡಿಲವಾದುದಲ್ಲ.

ಜಾನಪದ ವಿದ್ವಾಂಸರು ಮಹದೇಶ್ವರ ಮತ್ತು ಮಂಟೇಸ್ವಾಮಿ ಕಾವ್ಯಗಳನ್ನು ಗಾಯಕರ ಬಾಯಿಂದ ಬರೆದುಕೊಂಡು ಪ್ರಕಟಿಸಿ ಕನ್ನಡಕ್ಕೆ ಮಹೋಪಕಾರ ಮಾಡಿದ್ದಾರೆ. ಆದರೆ ಸಂಗ್ರಹವಾದದ್ದು ಬಹುಮಟ್ಟಿಗೆ ಪಠ್ಯ. ಹಾಡುವಾಗ ಎದುರಿಗಿದ್ದವರು ಏನೆಂದರು, ಎಲ್ಲಿ ತಲೆದೂಗಿದರು, ಎಲ್ಲಿ ಎದ್ದುಹೋದರು ಎಂಬುದು ಪುಟಗಳ ಅಂಚಿನಲ್ಲಿ ಸಹ ಅಪರೂಪ. ಕ್ಯಾಸೆಟ್ಟುಗಳ ಕಾಲದಲ್ಲಿ ಈ ಕೇಳುಗರ ರುಚಿ ಪರೋಕ್ಷವಾಗಿಯಾದರೂ ಗುರುತಿಗೆ ಬಂದಿತು. ಮಳವಳ್ಳಿ ಮಹದೇವಸ್ವಾಮಿಯವರಂತಹ ಗಾಯಕರ ಧ್ವನಿಸುರುಳಿಗಳು ಈ ಸೀಮೆಯ ಮನೆಗಳಲ್ಲಿಯೂ ಜಾತ್ರೆಗಳಲ್ಲಿಯೂ ಹರಡಿದವು. ಯಾವ ಸಂಸ್ಥೆಯೂ ಶಿಫಾರಸು ಮಾಡದ ಆ ಧ್ವನಿಸುರುಳಿಗಳನ್ನು ಕೊಂಡವರು ತಮ್ಮ ಅಭಿಪ್ರಾಯವನ್ನು ದುಡ್ಡುಕೊಟ್ಟು ತಿಳಿಸಿದರು. ಸುತ್ತೂರಿನ ಜಾತ್ರೆಯಲ್ಲಿ ನಡೆಯುವ ಭಜನಾ ಮೇಳದಂತಹ ಸಂದರ್ಭಗಳಲ್ಲಿ ಹಳ್ಳಿಯ ತಂಡಗಳು ಪರಸ್ಪರರ ಹಾಡಿಕೆಯನ್ನು ಕೇಳಿ ತೂಗುವ ಕ್ರಮ ಇಂದಿಗೂ ಕಾಣಸಿಗುತ್ತದೆ.

8. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಕೇಳುಗರ ಸಾಧಾರಣ ಅಭಿಪ್ರಾಯವು ಕಲಾವಿದರ ಹೆಸರನ್ನು ನಿರ್ಧರಿಸಿದೆ, ವಾದ್ಯದ ರೂಪವನ್ನು ಬದಲಿಸಿದೆ, ಉತ್ಸವದ ಬಾಗಿಲನ್ನು ತೆರೆಸಿದೆ. ಎರಡನೆಯದಾಗಿ, ಎಲ್ಲ ಕೇಳುಗರ ಅಭಿಪ್ರಾಯವೂ ಸಮಾನವಾಗಿ ದಾಖಲೆಯಾಗಿಲ್ಲ. ಅರಸರ ರುಚಿ ತಟ್ಟೆಯಲ್ಲಿ ಉಳಿಯಿತು, ವಿದ್ವಾಂಸರ ರುಚಿ ಪುಸ್ತಕದಲ್ಲಿ ಉಳಿಯಿತು, ಜಾತ್ರೆಯವರ ರುಚಿ ಗಾಳಿಯಲ್ಲಿ ಹೋಯಿತು. ಮೂರನೆಯದಾಗಿ, ಅಭಿಪ್ರಾಯವೆಂಬ ಕಾರಣಕ್ಕೇ ಅದೆಲ್ಲವನ್ನೂ ನಂಬುವಂತಿಲ್ಲ. ಹುಟ್ಟನ್ನು ನೋಡಿ ಹಾಡನ್ನು ಅಳೆದವರೂ ಕೇಳುಗರೇ ಆಗಿದ್ದರು. ಹೇಳಿದವರು ಯಾರು, ಯಾವಾಗ, ಎಷ್ಟು ದೂರದಿಂದ, ಯಾರೊಡನೆ ಹೋಲಿಸಿ ಎಂಬ ಪರೀಕ್ಷೆಗೆ ಒಳಪಡಿಸಿದಾಗ ಮಾತ್ರ ಅಭಿಪ್ರಾಯವು ಆಧಾರವಾಗುತ್ತದೆ.

ಈ ಕೆಲಸಕ್ಕೆ ಕಾಲಾವಕಾಶ ಹೆಚ್ಚಿಲ್ಲ. ಚೌಡಯ್ಯನವರನ್ನು ಪ್ರತ್ಯಕ್ಷವಾಗಿ ಕೇಳಿ ನೆನಪಿಟ್ಟುಕೊಂಡವರು ಇಂದು ಎಪ್ಪತ್ತನ್ನು ದಾಟಿದವರು. ನಾಗರತ್ನಮ್ಮನವರನ್ನು ಕೇಳಿದವರು ಉಳಿದಿರುವುದು ದುರ್ಲಭ. ನಂಜನಗೂಡು, ತಿರುಮಕೂಡಲು, ಮೂಗೂರು, ತಲಕಾಡು, ಬನ್ನೂರುಗಳ ಹಿರಿಯರ ನೆನಪುಗಳು, ಉತ್ಸವದ ಕರಪತ್ರಗಳು, ಮದುವೆಯ ಕಚೇರಿಗಳ ಆಹ್ವಾನಪತ್ರಿಕೆಗಳು, ಮನೆಯ ಅಟ್ಟದ ಮೇಲಿನ ಪ್ಲೇಟುಗಳು, ದಿನಚರಿಗಳಲ್ಲಿ ಒಂದೆರಡು ಸಾಲಿನಲ್ಲಿ ಬರೆದಿಟ್ಟ ಮೆಚ್ಚುಗೆ ಅಸಮಾಧಾನಗಳು ಇವೆಲ್ಲವನ್ನೂ ಕ್ರಮವಾಗಿ ಸಂಗ್ರಹಿಸಬೇಕಾಗಿದೆ. ತಾಲ್ಲೂಕು ಮಟ್ಟದ ಗ್ರಂಥಾಲಯಗಳು ಮತ್ತು ಕಾಲೇಜುಗಳ ಕನ್ನಡ, ಇತಿಹಾಸ ವಿಭಾಗಗಳು ಇದನ್ನು ಸಣ್ಣ ಪ್ರಮಾಣದಲ್ಲಿಯಾದರೂ ಕೈಗೊಳ್ಳಬಹುದು.

ಚೌಡಯ್ಯನವರ ಹೆಸರಿನ ಮುಂದಿನ ಒಂದಕ್ಷರದಲ್ಲಿ ತಿರುಮಕೂಡಲು ಉಳಿದಿದೆ. ನಾಗರತ್ನಮ್ಮನವರ ಹೆಸರಿನಲ್ಲಿ ನಂಜನಗೂಡಿಗೆ ಅಷ್ಟು ಸ್ಥಳವೂ ದೊರೆಯಲಿಲ್ಲ. ಈ ಊರುಗಳ ಕೇಳುಗರ ಪಾಲಿಗಂತೂ ಹೆಸರೇ ಇಲ್ಲ. ಅವರ ಮಾತುಗಳನ್ನು ಸಂಗ್ರಹಿಸಿ ಪರೀಕ್ಷಿಸಿ ಸೇರಿಸಿದಾಗಲೇ ನಮ್ಮ ಸಂಗೀತ ಚರಿತ್ರೆಯು ಹಾಡಿದವರ ಚರಿತ್ರೆಯಾಗಿರುವಂತೆ ಕೇಳಿದವರ ಚರಿತ್ರೆಯೂ ಆದೀತು.